ಮೊದಲ ಗುಟುಕು ಮಣ್ಣಿಗೆ

ರೋಹಿಣಿ ಮಳೆ ಒಮ್ಮೆ ಸುರಿದು ಹೋಗಿ ವಾರವಾಗಿತ್ತು. ಹುನಗುಂದದಿಂದ ಕುಷ್ಟಗಿಗೆ ಹೋಗುವ ದಾರಿ. ಎರೆ ಮುಗಿದು ಮಸಾರಿ ಶುರುವಾಗುವ ಸೀಮೆ. ರಸ್ತೆಯ ಒಂದು ಮಗ್ಗುಲಿಗೆ ಕಪ್ಪು ಮಡ್ಡಿ, ಇನ್ನೊಂದು ಮಗ್ಗುಲಿಗೆ ಕೆಂಪು ದಿಬ್ಬ. ಎರಡರ ಮೇಲೂ ಬಿದ್ದದ್ದು ಒಂದೇ ಮೋಡದ ಮಳೆ. ಆದರೆ ಕೆಂಪು ನೆಲದಲ್ಲಿ ಹುಲ್ಲು ಆಗಲೇ ಎಳೆಗರಿ ಚಾಚಿತ್ತು, ಕಪ್ಪು ಮಡ್ಡಿ ಮಾತ್ರ ಹೋದ ವರ್ಷದ ಒಣಕಡ್ಡಿಗಳನ್ನೇ ಹೊತ್ತು ನಿಂತಿತ್ತು. ಕೆಂಗುರಿ ಹಿಂಡನ್ನು ಕೆಂಪು ದಿಬ್ಬದ ಕಡೆಗೆ ಹೊಡೆದುಕೊಂಡು ಹೊರಟಿದ್ದ ಕುರಿಗಾಹಿಯನ್ನು ಕೇಳಿದೆ: "ಯಾಕ ಕಾಕಾ, ಎರಿ ಮಣ್ಣು ಭಾಳ ಚಲೋ ಅಂತಾರಲ್ಲ, ಆ ಕಡೆ ಯಾಕ ಮೇಸಾಕ ಬಿಡೂದಿಲ್ಲ?"

ಅವರು ಕೋಲಿನಿಂದ ಕಪ್ಪು ನೆಲವನ್ನೊಮ್ಮೆ ಕುಟ್ಟಿದರು. "ಅದು ಇನ್ನೂ ತಾನಽ ಕುಡ್ಯಾಕ ಹತ್ತೈತ್ರಿ ಸರ. ಹುಲ್ಲಿಗೆ ಎಲ್ಲಿಂದ ಕೊಡ್ತೈತಿ?"

ಈ ಅಧ್ಯಾಯ ಆ ಒಂದು ಮಾತಿಗೆ ಬರೆದ ಟಿಪ್ಪಣಿ ಎಂದುಕೊಳ್ಳಿ.

ಶಾಲೆಯಲ್ಲಿ ನಾವು ಓದಿದ್ದು ಬೇರೆ. ಕಪ್ಪು ಮಣ್ಣು ನೀರು ಹಿಡಿದಿಡುತ್ತದೆ, ಕೆಂಪು ಮಣ್ಣು ಹಿಡಿದಿಡುವುದಿಲ್ಲ, ಆದ್ದರಿಂದ ಕಪ್ಪು ಮಣ್ಣು ಶ್ರೇಷ್ಠ. ಪರೀಕ್ಷೆಗೆ ಇಷ್ಟು ಸಾಕು. ಈ ಪಾಠದಲ್ಲಿ ಸುಳ್ಳೇನೂ ಇಲ್ಲ, ಆದರೆ ಅದು ತಗ್ಗಿನಲ್ಲಿರುವ ಆಳವಾದ ಎರೆಹೊಲವನ್ನು ನೋಡಿ ಬರೆದ ಪಾಠ. ಅದೇ ಎರೆಮಣ್ಣು ದಿಬ್ಬದ ಮೇಲೆ ಒಂದೆರಡು ಗೇಣು ದಪ್ಪಕ್ಕೆ ಹರಡಿ, ಕೆಳಗೆ ಗರಸು, ಅದರ ಕೆಳಗೆ ಬಂಡೆ ಇದ್ದರೆ ಕತೆಯೇ ಬೇರೆ. ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ್‌ನ ಎತ್ತರದ ನೆಲದಲ್ಲಿ, ಗಡಿ ದಾಟಿದರೆ ಸೋಲಾಪುರದ ಕಡೆಯೂ, ಇಂಥ ಮಡ್ಡಿಗಳು ಹಾಸಿಕೊಂಡಿವೆ. ಉಳುವವರು ಕಡಿಮೆ. ಗಾಯರಾಣವೆಂದೋ ಗೋಮಾಳವೆಂದೋ ಬೀಳು ಎಂದೋ ಕಾಗದದಲ್ಲಿ ಬರೆಸಿಕೊಂಡು ಕುರಿ, ಮೇಕೆ, ದನಗಳಿಗೆ ಬಿಟ್ಟ ನೆಲ ಅದು.

ಹಿಟ್ಟು ಮತ್ತು ಕಾಳು

ಅಡುಗೆಮನೆಯಲ್ಲಿ ಒಂದು ಪ್ರಯೋಗ ಮಾಡಿ. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರ ತುಂಬ ಜೋಳದ ಕಾಳು, ಇನ್ನೊಂದರ ತುಂಬ ಜೋಳದ ಹಿಟ್ಟು. ಎರಡಕ್ಕೂ ಎರಡೆರಡು ಚಮಚ ನೀರು ಹಾಕಿ. ಕಾಳಿನ ಲೋಟದಲ್ಲಿ ನೀರು ಸಂದುಗಳಲ್ಲಿ ಜಾರಿ ಸರಸರನೆ ತಳ ಸೇರುತ್ತದೆ. ಹಿಟ್ಟಿನ ಲೋಟದಲ್ಲಿ ಮೇಲೆ ಒಂದು ಬೆರಳು ದಪ್ಪದ ಮುದ್ದೆಯಾಗಿ ಅಲ್ಲಿಗೇ ನಿಲ್ಲುತ್ತದೆ, ಕೆಳಗಿನ ಹಿಟ್ಟು ಹಾಗೇ ಒಣಗಿದ್ದಂತೆಯೇ ಇರುತ್ತದೆ.

ಈಗ ಆ ಮುದ್ದೆಯನ್ನು ಕೈಯಲ್ಲಿ ಹಿಡಿದು ಹಿಂಡಿ. ಒಂದು ಹನಿಯೂ ಬರುವುದಿಲ್ಲ. ನೀರು ಅಲ್ಲೇ ಇದೆ, ನೀವೇ ಹಾಕಿದ್ದು. ಆದರೆ ಅದು ಹಿಟ್ಟಿನ ನೀರಾಗಿದೆ, ನಿಮ್ಮದಲ್ಲ.

ಮರಳು ಮಿಶ್ರಿತ ಕೆಂಪು ಮಣ್ಣು ಕಾಳಿನ ಲೋಟ. ಎರೆ ಹಿಟ್ಟಿನ ಲೋಟ. ಕಾಳು, ಹಿಟ್ಟು ಎರಡೂ ಜೋಳವೇ ಆಗಿದ್ದರೂ ನೀರಿನ ಜೊತೆ ನಡೆದುಕೊಳ್ಳುವ ರೀತಿ ಬೇರೆಯಾಗುವುದು ಕಣದ ಗಾತ್ರದಿಂದ. ಮರಳಿನ ಕಣ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತರಿತರಿಯಾಗಿ ಹತ್ತುತ್ತದೆ. ಜೇಡಿಯ ಕಣವೆಂದರೆ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಎರೆಮಣ್ಣಿನಲ್ಲಿ ಅರ್ಧಕ್ಕರ್ಧ, ಎಷ್ಟೋ ಕಡೆ ಅದಕ್ಕೂ ಹೆಚ್ಚು, ಇಂಥ ಜೇಡಿಯೇ.

ಮರಳು ಹುಟ್ಟದ ಕಲ್ಲು

ಇಷ್ಟೊಂದು ಹಿಟ್ಟು ಎಲ್ಲಿಂದ ಬಂತು? ಬೀಸುವ ಕಲ್ಲು ಎಲ್ಲಿದೆ?

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಸೀಳಿ ಲಾವಾರಸ ಹರಿಯಿತು. ಒಂದು ಸಲವಲ್ಲ, ಮತ್ತೆ ಮತ್ತೆ, ಪದರದ ಮೇಲೆ ಪದರವಾಗಿ. ತಣ್ಣಗಾಗಿ ಕರಿಕಲ್ಲಾದ ಆ ಹಾಸು ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ವ್ಯಾಪಿಸಿದೆ. ಇದನ್ನು ಬಸಾಲ್ಟ್ ಎನ್ನುತ್ತಾರೆ. ಇದರ ದಕ್ಷಿಣದ ಅಂಚು ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಸೀಮೆಯಲ್ಲಿ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಮರಳುಗಲ್ಲು, ಸುಣ್ಣಕಲ್ಲು, ಆಮೇಲೆ ಗ್ರಾನೈಟು.

ಗ್ರಾನೈಟ್ ಕೊಳೆತಾಗ (ಹೌದು, ಕಲ್ಲೂ ಕೊಳೆಯುತ್ತದೆ, ಗರಸು ಎಂದರೆ ಅರ್ಧ ಕೊಳೆತ ಕಲ್ಲೇ) ಅದರೊಳಗಿನ ಬಿಳಿಗಲ್ಲಿನ ಹರಳುಗಳು ಕೊಳೆಯದೆ ಉಳಿಯುತ್ತವೆ. ಅದೇ ಮರಳು. ಇಳಕಲ್ಲಿನ ಕೆಂಪು ಗ್ರಾನೈಟಿನ ಸುತ್ತಲಿನ ಹೊಲಗಳಲ್ಲಿ ಕಾಲಿಗೆ ತರಿತರಿ ಹತ್ತುವುದು ಅದಕ್ಕೇ. ಬಸಾಲ್ಟಿನಲ್ಲಿ ಆ ಬಿಳಿಗಲ್ಲು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿರುವ ಖನಿಜಗಳೆಲ್ಲ ಕೊಳೆಯುವ ಜಾತಿಯವೇ. ಹೀಗಾಗಿ ಬಸಾಲ್ಟು ಪೂರ್ತಿ ಮಾಗಿದಾಗ ಉಳಿಯುವುದು ಬರೀ ಹಿಟ್ಟು.

ಕಲ್ಲೊಂದೇ ಇದನ್ನು ನಿರ್ಧರಿಸುವುದಿಲ್ಲ. ಇದೇ ಬಸಾಲ್ಟು ಮಹಾಬಳೇಶ್ವರದಲ್ಲೂ ಇದೆ, ಅಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟು ನೀರು ಕಲ್ಲಿನೊಳಗಿನ ಸುಣ್ಣದಂಶ, ಮೆಗ್ನೀಸಿಯಂಗಳನ್ನೆಲ್ಲ ತೊಳೆದು ಸಮುದ್ರಕ್ಕೆ ಒಯ್ದು, ಕಬ್ಬಿಣದ ತುಕ್ಕನ್ನಷ್ಟೇ ಉಳಿಸಿ ಕೆಂಪು ಜಂಬಿಟ್ಟಿಗೆ ಮಾಡಿದೆ. ವಿಜಯಪುರದಲ್ಲಿ ಮಳೆ ಸುಮಾರು 600 ಮಿಲಿಮೀಟರ್. ತೊಳೆದು ಒಯ್ಯುವಷ್ಟು ನೀರಿಲ್ಲ. ಆ ಸುಣ್ಣದಂಶ ಮೆಗ್ನೀಸಿಯಂಗಳು ಅಲ್ಲಲ್ಲೇ ಉಳಿದು, ಒಂದು ವಿಚಿತ್ರ ಜಾತಿಯ ಜೇಡಿಯನ್ನು ಕಟ್ಟಿದವು. ನೆಲದೊಳಗೆ ಸಿಗುವ ಸುಣ್ಣದ ಹರಳುಗಳೂ ಅದೇ ತೊಳೆಯದ ಲೆಕ್ಕದ ಬಾಕಿ.

ಬಣ್ಣದ ವಿಷಯ ಬಂದಾಗ ಒಂದು ಮಾತು. ಕಪ್ಪು ಕಂಡರೆ ಗೊಬ್ಬರದಂಶ ತುಂಬಿದೆ ಎಂದು ಊಹಿಸುವವರಿದ್ದಾರೆ. ನಮ್ಮ ಎರೆಯಲ್ಲಿ ಕೊಳೆತ ಸಸ್ಯಾಂಶದ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಇದ್ದ ಅಷ್ಟೂ ಜೇಡಿಯ ಕಣಗಳಿಗೆ ಗಟ್ಟಿಯಾಗಿ ಅಂಟಿ ಬಣ್ಣ ಹಚ್ಚಿದೆ, ಒಂದು ಚಿಟಿಕೆ ಕಾಡಿಗೆ ಅಂಗೈಯನ್ನೆಲ್ಲ ಕಪ್ಪು ಮಾಡುವ ಹಾಗೆ.

ಒಂದು ಚಮಚದಲ್ಲಿ ಒಂದು ಎಕರೆ

ಆ ವಿಚಿತ್ರ ಜೇಡಿಗೆ ಸ್ಮೆಕ್ಟೈಟ್ ಎಂದು ಹೆಸರು. ಇದನ್ನು ಹಪ್ಪಳದ ಕಟ್ಟು ಎಂದು ಭಾವಿಸಿ. ಒಂದೊಂದು ಹಪ್ಪಳದ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಂಥ ಒಂದು ಲಕ್ಷ ಹಪ್ಪಳ ಪೇರಿಸಿದರೆ ಒಂದು ಹಾಳೆ ಕಾಗದದ ದಪ್ಪ ಬರುತ್ತದೆ. ಬೇರೆ ಜೇಡಿಗಳಲ್ಲೂ ಪದರಗಳಿವೆ. ಕುಂಬಾರರ ಬಿಳಿ ಜೇಡಿಯಲ್ಲಿ ಆ ಪದರಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ, ನಡುವೆ ನೀರಿಗೆ ದಾರಿಯಿಲ್ಲ. ಎರೆಯ ಜೇಡಿಯಲ್ಲಿ ಪ್ರತಿ ಎರಡು ಹಪ್ಪಳಗಳ ನಡುವೆಯೂ ನೀರು ನುಗ್ಗಬಹುದು. ನುಗ್ಗಿದಾಗ ಕಟ್ಟು ಉಬ್ಬುತ್ತದೆ, ಹೊರಬಿದ್ದಾಗ ಕುಗ್ಗುತ್ತದೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತು ಮಾಡಿದ ಮಕ್ಕಳಿಗೆಲ್ಲ ಇದು ಗೊತ್ತು. ಬಿಸಿಲಿಗಿಟ್ಟರೆ ಎತ್ತಿನ ಬೆನ್ನು ಸೀಳುತ್ತದೆ, ಕೋಡು ಉದುರುತ್ತದೆ. ಎರೆ ಸೀಮೆಯಲ್ಲಿ ಕರೆಂಟಿನ ಕಂಬಗಳು ಅತ್ತಿತ್ತ ವಾಲುವುದು, ಮನೆ ಕಟ್ಟುವವರು ಅಡಿಪಾಯಕ್ಕೆ ಎರೆಯನ್ನೆಲ್ಲ ತೆಗೆದು ಗರಸು ತುಂಬಿಸುವುದು, ಎಲ್ಲವೂ ಈ ಹಪ್ಪಳದ ಕಟ್ಟಿನ ಉಬ್ಬುತಗ್ಗಿನ ಫಲವೇ.

ನಮಗೀಗ ಮುಖ್ಯವಾದದ್ದು ಆ ಹಪ್ಪಳಗಳ ಒಟ್ಟು ಮೈ. ಅಪ್ಪಟ ಸ್ಮೆಕ್ಟೈಟಿನ ಒಂದು ಗ್ರಾಮನ್ನು ಪದರ ಪದರವಾಗಿ ಬಿಡಿಸಿ ಹಾಸಿದರೆ 700ರಿಂದ 800 ಚದರ ಮೀಟರ್ ಆಗುತ್ತದೆ. ಐದಾರು ಗ್ರಾಮಿಗೆ, ಅಂದರೆ ಒಂದು ಚಮಚಕ್ಕೆ, ಒಂದು ಎಕರೆ. ಅಷ್ಟೇ ತೂಕದ ದಪ್ಪ ಮರಳಿನ ಮೈಯನ್ನೆಲ್ಲ ಕೂಡಿಸಿದರೂ ನಿಮ್ಮ ಅಂಗೈ ಅಗಲವಾದರೆ ಹೆಚ್ಚು. ನೀರು ಅಂಟುವುದು ಮೈಗೆ. ಮಿಂದು ಬಂದವನ ಮೈಯ ನೀರು ಒಂದು ಟವೆಲ್ಲಿಗೆ ಮುಗಿಯುತ್ತದೆ. ಒಂದು ಎಕರೆ ಮೈ ಇದ್ದವನಿಗೆ?

ಲಾವಣಿ

ಕಪ್ಪು ಮಡ್ಡಿಯ ಹುಲ್ಲಿನ ಬೇರು ನೀರು ಕುಡಿಯಬೇಕಾದರೆ ಜೇಡಿಯ ಮೈಯಿಂದ ಅದನ್ನು ಕಿತ್ತುಕೊಳ್ಳಬೇಕು. ಮಣ್ಣು ತೇವವಾಗಿದ್ದಾಗ ಸುಲಭ. ಒಣಗುತ್ತ ಹೋದಂತೆ ಉಳಿದ ನೀರು ಮೈಗೆ ಇನ್ನಷ್ಟು ಹತ್ತಿರದ್ದು, ಇನ್ನಷ್ಟು ಬಿಗಿಯಾಗಿ ಅಂಟಿದ್ದು. ಸಾಮಾನ್ಯ ಬೆಳೆಗಳ ಬೇರು ಸುಮಾರು 15 ವಾಯುಭಾರದಷ್ಟು ಬಲ ಹಾಕಿ ಎಳೆಯಬಲ್ಲದು. ಕಾರಿನ ಟೈರಿಗೆ ತುಂಬುವ ಗಾಳಿಯ ಒತ್ತಡ ಎರಡು ವಾಯುಭಾರದ ಆಸುಪಾಸು ಎಂದರೆ ಈ ಬೇರಿನ ಬಲ ಅಂದಾಜಾದೀತು. ಒಣಸೀಮೆಯ ಹುಲ್ಲುಗಳು ಇನ್ನೂ ಸ್ವಲ್ಪ ಮುಂದೆ ಹೋಗಬಲ್ಲವು. ಅದರಾಚೆ ಬೇರು ಕೈಚೆಲ್ಲುತ್ತದೆ.

ಬೇರು ಕೈಚೆಲ್ಲಿದ ಮೇಲೂ ಮಣ್ಣಿನಲ್ಲಿ ಉಳಿಯುವ ನೀರನ್ನು ನಾನು ಮಣ್ಣಿನ ಪಾಲು ಎಂದು ಕರೆಯುತ್ತೇನೆ. ಅದಕ್ಕಿಂತ ಮೇಲಿದ್ದು, ಬೇರಿಗೆ ದಕ್ಕುವಂಥದ್ದು ಬೇರಿನ ಪಾಲು. ಮರಳುಮಣ್ಣಿನಲ್ಲಿ ಮಣ್ಣಿನ ಪಾಲು ನೂರು ಲೀಟರ್ ಮಣ್ಣಿಗೆ ನಾಲ್ಕೈದು ಲೀಟರ್. ಎರೆಯಲ್ಲಿ 20ರಿಂದ 25. ಒಂದು ಚದರ ಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಎರೆ ಎಂದರೆ 300 ಲೀಟರ್ ಮಣ್ಣು. ಅದರಲ್ಲಿ ಬೇರು ಕೈಚೆಲ್ಲುವ ಹೊತ್ತಿಗೆ ಉಳಿದಿರುವ ನೀರು 60 ಲೀಟರಿಗೆ ಕಡಿಮೆಯಿಲ್ಲ! ನಾಲ್ಕೈದು ಕೊಡ ನೀರಿನ ಮೇಲೆ ನಿಂತೇ ಹುಲ್ಲು ಒಣಗಿತು.

ನಮ್ಮ ಕಡೆ ಹೊಲವನ್ನು ಪಾಲಿಗೆ ಕೊಡುವುದುಂಟು, ಲಾವಣಿಗೆ ಕೊಡುವುದೂ ಉಂಟು. ಪಾಲಿನಲ್ಲಿ ಬೆಳೆ ಬಂದಷ್ಟರಲ್ಲಿ ಇಬ್ಬರಿಗೂ ಭಾಗ. ಲಾವಣಿಯಲ್ಲಿ ಹಾಗಲ್ಲ, ಬೆಳೆ ಬರಲಿ ಬಿಡಲಿ ಇಷ್ಟೆಂದು ಮಾತಾದದ್ದನ್ನು ಧಣಿಗೆ ಮೊದಲು ಅಳೆಯಬೇಕು. ಜೇಡಿ ಲಾವಣಿಯ ಧಣಿ. ಒಣಗಿ ಕೂತ ಎರೆಯ ಮೇಲೆ ಬಿದ್ದ ಮಳೆ ಮೊದಲು ಜೇಡಿಯ ಲಾವಣಿಯನ್ನು ಪೂರ್ತಿ ಸಂದಾಯ ಮಾಡಬೇಕು, ಆಮೇಲೆ ಉಳಿದರೆ ಹುಲ್ಲಿಗೆ. ಸಣ್ಣ ಮಳೆಯಲ್ಲಿ ಉಳಿಯುವುದು ಎಷ್ಟು?

ಲೆಕ್ಕ ಹಾಕೋಣ. ಹತ್ತು ಮಿಲಿಮೀಟರ್ ಮಳೆ ಬಂತು, ಚದರ ಮೀಟರಿಗೆ 10 ಲೀಟರ್. ಒಣ ಮರಳುಮಣ್ಣಿನಲ್ಲಿ ಈ ನೀರು ಸುಮಾರು 10 ಸೆಂಟಿಮೀಟರ್, ಅರ್ಧ ಗೇಣು, ಆಳಕ್ಕೆ ಇಳಿಯುತ್ತದೆ. ಒಣ ಎರೆಯಲ್ಲಿ ಮೂರು ಸೆಂಟಿಮೀಟರ್, ಎರಡು ಬೆರಳು. ಹಿಟ್ಟಿನ ಲೋಟದ ಮೇಲಿನ ಮುದ್ದೆ ನೆನಪಿದೆಯಲ್ಲ? ಆ ಎರಡು ಬೆರಳಿನಲ್ಲಿ ಹುಲ್ಲಿನ ಬೇರಿಗಿಂತ ಮೊದಲು ಕೈ ಹಾಕುವವನು ಸೂರ್ಯ. ಮೇ ತಿಂಗಳ ಬಿಸಿಲಿಗೆ ಎರಡು ಬೆರಳಿನ ತೇವ ಎರಡು ಮೂರು ದಿನದ ಕೆಲಸ. ಮರಳಿನಲ್ಲಿ ಮೇಲಿನ ಒಂದೆರಡು ಅಂಗುಲ ಒಣಗಿದ ಕೂಡಲೇ ಕೆಳಗಿನ ನೀರಿಗೂ ಮೇಲಿನ ಗಾಳಿಗೂ ನಂಟು ಕಡಿಯುತ್ತದೆ. ದಪ್ಪ ಕಣಗಳ ದೊಡ್ಡ ಸಂದುಗಳಲ್ಲಿ ನೀರು ಮೇಲೇರಲಾರದು. ಉಳಿದದ್ದು ಬೇರಿಗೆ.

ಸೂರ್ಯನ ಕಿತಾಪತಿ ಇಷ್ಟಕ್ಕೇ ಮುಗಿಯದು. ಬೇರಿಗಾದರೆ 15 ವಾಯುಭಾರದ ಮಿತಿ ಇದೆ. ಒಣಗಾಳಿಗೆ ಅಂಥ ಮಿತಿಯಿಲ್ಲ, ಅದು ಜೇಡಿಯ ಲಾವಣಿಯನ್ನೂ ಕಿತ್ತುಕೊಂಡು ಹೋಗುತ್ತದೆ. ಹಾಗಾಗಿ ಹತ್ತು ದಿನ ಬಿಟ್ಟು ಇನ್ನೊಂದು ಮಳೆ ಬಂದರೆ ಹಳೆಯ ಸಂದಾಯ ಲೆಕ್ಕಕ್ಕಿಲ್ಲ, ಮೊದಲಿನಿಂದ ಮತ್ತೆ ಅಳೆಯಬೇಕು. ರೋಹಿಣಿಯಲ್ಲಿ ಹತ್ತು, ಮೃಗಶಿರದಲ್ಲಿ ಹನ್ನೆರಡು, ಆರಿದ್ರದಲ್ಲಿ ಎಂಟು ಮಿಲಿಮೀಟರ್ ಎಂದು ಬಿಟ್ಟುಬಿಟ್ಟು ಬಂದ ಮಳೆ ಕೂಡಿಸಿದರೆ ಮೂವತ್ತು. ಕಪ್ಪು ಮಡ್ಡಿಯ ಹುಲ್ಲಿಗೆ ಅದು ಸೊನ್ನೆಗೆ ಹತ್ತಿರ. "ತಾನಽ ಕುಡ್ಯಾಕ ಹತ್ತೈತಿ" ಎಂದರಲ್ಲ ಕಾಕಾ, ಇದೇ ಅದು.

ಒಣಸೀಮೆಯಲ್ಲಿ ಮರಳುಮಣ್ಣೇ ಹುಲ್ಲಿಗೆ ಹಿತ, ಮಳೆ ಹೆಚ್ಚಿದ ಕಡೆ ಜೇಡಿಯೇ ಹಿತ ಎಂಬ ಈ ತಿರುಗುಮುರುಗನ್ನು ಇಸ್ರೇಲಿನ ಪರಿಸರ ವಿಜ್ಞಾನಿ ಇಮ್ಯಾನುಯೆಲ್ ನೋಯ್-ಮೇಯ್ರ್ 1973ರಲ್ಲಿ ಮರುಭೂಮಿಗಳ ಕುರಿತ ಲೇಖನದಲ್ಲಿ ವಿವರಿಸಿದರು. 1988ರಲ್ಲಿ ಓಸ್ವಾಲ್ಡೊ ಸಾಲಾ ಮತ್ತು ಸಂಗಡಿಗರು ಅಮೆರಿಕದ ನಡುನಾಡಿನ 9,000ಕ್ಕೂ ಹೆಚ್ಚು ಹುಲ್ಲುಗಾವಲು ತಾಣಗಳ ಮಾಹಿತಿ ಕೂಡಿಹಾಕಿ ನೋಡಿದಾಗ, ಆ ತಿರುವು ವರ್ಷಕ್ಕೆ 370 ಮಿಲಿಮೀಟರ್ ಮಳೆಯ ಹತ್ತಿರ ಬಿತ್ತು. ಅದಕ್ಕಿಂತ ಕಡಿಮೆ ಮಳೆಯಲ್ಲಿ ಮರಳು ಗೆಲ್ಲುತ್ತದೆ, ಹೆಚ್ಚಿದ್ದಲ್ಲಿ ಜೇಡಿ.

ಗಿಡ್ಡ ಹಗೇವು

ಓದುಗರು ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಬೇಕು. ವಿಜಯಪುರದಲ್ಲಿ ಮಳೆ 600 ಮಿಲಿಮೀಟರ್ ಎಂದು ಈಗ ತಾನೇ ಹೇಳಿದೆ. ಹಾಗಾದರೆ ಜೇಡಿಯೇ ಗೆಲ್ಲಬೇಕಲ್ಲ?

ತಗ್ಗಿನಲ್ಲಿ ಗೆಲ್ಲುತ್ತದೆ. ಡೋಣಿ ನದಿ ಸಾಲಿನ ಎರೆಹೊಲಗಳನ್ನು ನೋಡಿ. ಲಾವಣಿ ಒಮ್ಮೆ ಸಂದ ಮೇಲೆ ಎರೆಯಂಥ ಉದಾರಿ ಧಣಿ ಇನ್ನೊಬ್ಬನಿಲ್ಲ. ಒಂದು ಮೀಟರ್ ಆಳದ ಎರೆಯಲ್ಲಿ ಬೇರಿನ ಪಾಲಾಗಿ 150ರಿಂದ 200 ಮಿಲಿಮೀಟರ್ ನೀರು ಕೂಡಿಡಬಹುದು. ಹಿಂದಿನವರು ಮನೆಯ ಮುಂದೆ ನೆಲದೊಳಗೆ ಹಗೇವು ತೋಡಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದ ಹಾಗೆ, ಉತ್ತರೆ ಹಸ್ತದ ಮಳೆಯನ್ನು ಎರೆ ಒಳಗೆ ತುಂಬಿಕೊಳ್ಳುತ್ತದೆ. ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ದರೂ ಹಿಂಗಾರಿ ಬಿಳಿಜೋಳ ಆ ಹಗೇವಿನ ನೀರು ಕುಡಿದೇ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಚರಗ ಚೆಲ್ಲಲು ಹೋದವರ ಎತ್ತರ ಮೀರಿ ನಿಂತಿರುತ್ತದೆ.

ಮಡ್ಡಿಯ ಹಗೇವು ಗಿಡ್ಡ. ಮೂವತ್ತು ಸೆಂಟಿಮೀಟರ್ ಎರೆಯಲ್ಲಿ ಬೇರಿನ ಪಾಲು ತುಂಬಿ ತುಳುಕಿದರೂ 45ರಿಂದ 60 ಮಿಲಿಮೀಟರ್. ಹುಲ್ಲು ಮತ್ತು ಬಿಸಿಲು ಸೇರಿ ದಿನಕ್ಕೆ ಐದು ಮಿಲಿಮೀಟರ್ ಖಾಲಿ ಮಾಡಿದರೆ ಹತ್ತು ಹನ್ನೆರಡು ದಿನದ ಬಾಳು. ಅದರ ಮೇಲೆ ಎಷ್ಟೇ ಮಳೆ ಸುರಿದರೂ ಇಡಲು ಜಾಗವಿಲ್ಲ. ಅತ್ತ ಲಾವಣಿಯ ದರದಲ್ಲಿ ಒಂದು ಕಾಸೂ ಕಡಿಮೆಯಿಲ್ಲ. ಆಳವಿಲ್ಲದ ಎರೆ ಎರಡೂ ಕಡೆ ಸೋತ ನೆಲ: ಸಣ್ಣ ಮಳೆಯಲ್ಲಿ ಜೇಡಿಯ ದೋಷ ಪೂರ್ತಿ ಇದೆ, ದೊಡ್ಡ ಮಳೆಯಲ್ಲಿ ಜೇಡಿಯ ಗುಣ ದಕ್ಕುವುದಿಲ್ಲ. ಭೂ ಸಮೀಕ್ಷೆಯವರು 50 ಸೆಂಟಿಮೀಟರಿಗಿಂತ ತೆಳುವಾದ ಮಣ್ಣನ್ನು ಆಳವಿಲ್ಲದ್ದೆಂದೂ 25ಕ್ಕಿಂತ ತೆಳುವಾದದ್ದನ್ನು ಇನ್ನೂ ಕೆಳಗಿನ ದರ್ಜೆಯೆಂದೂ ಗುರುತಿಸುವುದು ಸುಮ್ಮನೆ ಅಲ್ಲ.

ಮಣ್ಣು ತೆಳ್ಳಗಾದದ್ದು ಯಾಕೆ ಎನ್ನುವುದಕ್ಕೂ ಉತ್ತರ ಅದೇ ಹಪ್ಪಳದ ಕಟ್ಟಿನಲ್ಲಿದೆ. ಉಬ್ಬಿದ ಎರೆಯ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಆಮೇಲೆ ಅದರೊಳಗೆ ನೀರು ಇಳಿಯುವುದು ಗಂಟೆಗೆ ಕೆಲವೇ ಮಿಲಿಮೀಟರ್. ನಮ್ಮ ಗುಡುಗಿನ ಮಳೆಗೆ ಅಷ್ಟು ತಾಳ್ಮೆ ಎಲ್ಲಿದೆ? ಇಂಗದ ನೀರು ಇಳಿಜಾರು ಹಿಡಿದು, ಹೋಗುವಾಗ ಕೈಗೆ ಸಿಕ್ಕಷ್ಟು ಎರೆಯನ್ನೂ ಕಟ್ಟಿಕೊಂಡು ತಗ್ಗಿಗೆ ಹೋಗುತ್ತದೆ. ಕಲ್ಲು ಕೊಳೆತು ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ದಿಬ್ಬದ ಮೇಲೆ ಹುಟ್ಟಿದ್ದಕ್ಕಿಂತ ಹೋದದ್ದು ಹೆಚ್ಚು. ತಗ್ಗಿನ ಹೊಲದವನು ತನ್ನ ಎರೆಯ ಆಳದ ಬಗ್ಗೆ ಹೆಮ್ಮೆಪಡುವಾಗ ಅದರಲ್ಲಿ ಮೇಲಿನ ಮಡ್ಡಿಯ ಎಷ್ಟು ಅಂಗುಲ ಸೇರಿದೆಯೋ ಎಂದು ನನಗೆ ಕೇಳಬೇಕೆನಿಸುತ್ತದೆ.

ಬಿರುಕು

ಬೇಸಿಗೆಯಲ್ಲಿ ಎರೆ ಬಾಯಿ ಬಿಡುತ್ತದೆ. ಆಳದ ಎರೆಯಲ್ಲಿ ಬಿರುಕು ಒಂದು ಮೀಟರಿಗೂ ಕೆಳಗೆ ಹೋಗುವುದುಂಟು. ಬಿದ್ದ ಮೇವಿನ ಕುಡುಗೋಲು ಸಿಗಲಿಲ್ಲ ಎನ್ನುವ ಮಾತು ಬರೀ ಉತ್ಪ್ರೇಕ್ಷೆಯಲ್ಲ. ಈ ಬಿರುಕುಗಳು ನನ್ನ ಲೋಟದ ಹೋಲಿಕೆಯನ್ನು ಸ್ವಲ್ಪ ಕೆಡಿಸುತ್ತವೆ. ಮೊದಲ ಮಳೆಯೇ ಜೋರಾಗಿ ಬಂದರೆ ನೀರು ಮೇಲೆ ಮುದ್ದೆಯಾಗಿ ನಿಲ್ಲದೆ ಬಿರುಕಿನಲ್ಲಿ ಸೀದಾ ಕೆಳಗೆ ಧುಮುಕುತ್ತದೆ. ಆಳದ ಎರೆಯಲ್ಲಿ ಅದು ವರ: ಹಗೇವಿಗೆ ತಳದಿಂದ ತುಂಬಿದ ಹಾಗೆ. ಮಡ್ಡಿಯಲ್ಲಿ ಬಿರುಕಿನ ತಳ ಗರಸನ್ನು ಮುಟ್ಟಿರುತ್ತದೆ. ನೀರು ಜೇಡಿಯನ್ನು ಸವರಿಕೊಂಡು ಹೋಗಿ ಗರಸಿನ ಸೀಳುಗಳಲ್ಲಿ ಮಾಯ.

ಮಾಯವಾದ ಆ ನೀರು ಎಲ್ಲರಿಗೂ ನಷ್ಟವಲ್ಲ. ಮಡ್ಡಿಯಲ್ಲಿ ಅಲ್ಲೊಂದು ಇಲ್ಲೊಂದು ನಿಂತ ಜಾಲಿ, ಬೇವು, ಬಾರಿಗಿಡಗಳ ಬೇರು ಗರಸಿನ ಸಂದಿಗೆ ಇಳಿದಿರುತ್ತದೆ. ಗರಸು ತನಗೆಂದು ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಹುಲ್ಲು ಒಣಗಿ ತಿಂಗಳಾದರೂ ಜಾಲಿ ಹಸುರಾಗಿರುವುದನ್ನು ಕಂಡು ಆಶ್ಚರ್ಯಪಡುವವರು ಅದು ಕುಡಿಯುತ್ತಿರುವ ಬಾವಿ ಬೇರೆ ಎಂದು ತಿಳಿದರೆ ಸಾಕು. ಹಾಗೆಂದು ಮಡ್ಡಿಯ ತುಂಬ ಗುಂಡಿ ತೋಡಿ ಸಸಿ ನೆಟ್ಟರೆ ಎಲ್ಲವೂ ಗರಸಿನ ಸಂದಿ ಹುಡುಕಿಕೊಳ್ಳುತ್ತವೆಯೇ? ಉಬ್ಬಿ ಕುಗ್ಗುವ ಜೇಡಿ ಎಳೆಯ ಬೇರನ್ನು ಎಳೆದು ಹರಿಯುತ್ತದೆ. ಬಿರುಕು ಬಿಟ್ಟಾಗ ಅರ್ಧ ಬೇರು ಗಾಳಿಗೆ ತೆರೆದುಕೊಳ್ಳುತ್ತದೆ. ಒಣಗಿ ಕಡ್ಡಿಯಾದ ಸಾಲುಸಾಲು ಸಸಿಗಳ ಪಕ್ಕ ನಿಂತ ಫಲಕಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಮರ ಬೆಳೆಯದ ನೆಲವನ್ನು ಹಾಳುನೆಲ ಎಂದು ಕರೆಯುವ ನಮ್ಮ ಅಭ್ಯಾಸಕ್ಕೆ ಹುಲ್ಲು ಕಾಣುವುದೇ ಇಲ್ಲ.

ಕಲ್ಲು ಬೆಳೆಯುವ ಹೊಲ

"ನಮ್ಮ ಹೊಲದಾಗ ಕಲ್ಲು ಬೆಳೀತಾವ್ರಿ" ಎಂದು ಮಡ್ಡಿ ಹೊಲದವರು ಹೇಳುತ್ತಾರೆ. ಆರಿಸಿ ಬದುವಿಗೆ ಹಾಕಿದರೂ ನಾಲ್ಕು ವರ್ಷಕ್ಕೆ ಮತ್ತೆ ಕಲ್ಲು. ಇದೂ ಹಪ್ಪಳದ ಕಟ್ಟಿನ ಕೆಲಸವೇ. ಬಿರುಕು ಬಿಟ್ಟಾಗ ಪುಡಿಮಣ್ಣು ಒಳಗೆ ಉದುರುತ್ತದೆ, ಕಲ್ಲು ಉದುರಲಾರದು. ಮಳೆ ಬಂದು ಜೇಡಿ ಉಬ್ಬಿದಾಗ ಕೆಳಗೆ ಸೇರಿದ ಹೆಚ್ಚುವರಿ ಮಣ್ಣಿಗೆ ಜಾಗವಿಲ್ಲದೆ ಎಲ್ಲವೂ ಮೇಲಕ್ಕೆ ನೂಕಲ್ಪಡುತ್ತದೆ. ಮರುವರ್ಷ ಮತ್ತೆ ಪುಡಿ ಕೆಳಗೆ, ಕಲ್ಲು ಮೇಲೆ. ಮೊರದಲ್ಲಿ ಕೇರುವಾಗ ದಪ್ಪದ್ದು ಬೇರೆಯಾಗುವ ಹಾಗೆ ನೆಲ ತನ್ನನ್ನು ತಾನೇ ಕೇರಿಕೊಳ್ಳುತ್ತದೆ.

ಹಾಗೆ ಮೇಲೆ ಬಂದ ಕಲ್ಲನ್ನು ಆರಿಸಿ ಎಸೆಯುವುದು ಜಾಣತನವೇ? ಹಳಬರು ಎಲ್ಲ ಕಲ್ಲನ್ನೂ ತೆಗೆಯುತ್ತಿರಲಿಲ್ಲ. ಕಲ್ಲಿನ ಹಾಸು ಮಳೆಹನಿಯ ಪೆಟ್ಟು ತಾನು ತಿನ್ನುತ್ತದೆ, ಓಡುವ ನೀರಿಗೆ ಅಡ್ಡ ನಿಲ್ಲುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಬಿಸಿಲಿಗೂ ಜೇಡಿಗೂ ನಡುವೆ ಕೂತು, ಸಂದಾಯವಾದ ಲಾವಣಿ ಮತ್ತೆ ಕಳವಾಗದಂತೆ ಕಾಯುತ್ತದೆ. ಕಲ್ಲಿನ ಕೆಳಗಿನ ತೇವಕ್ಕೆ ಚೇಳು ಬರುತ್ತದೆಂದು ಮಕ್ಕಳಿಗೂ ಗೊತ್ತು.

ಇದನ್ನೇ ಕೈಯಾರೆ ಮಾಡಿದ ರೈತರಿದ್ದಾರೆ. ಗದಗ, ಕೊಪ್ಪಳ, ಬಾಗಲಕೋಟೆ ಜಿಲ್ಲೆಗಳ ಎರೆಹೊಲಗಳಲ್ಲಿ ಹಳ್ಳದ ಉಸುಕು ತಂದು ಹೊಲದ ತುಂಬ ಕೆಲವು ಅಂಗುಲ ದಪ್ಪಕ್ಕೆ ಹರಡುವ ಪದ್ಧತಿ ಇದೆ. ಕಪ್ಪು ಹೊಲದ ಮೇಲೆ ಟ್ರ್ಯಾಕ್ಟರುಗಟ್ಟಲೆ ಉಸುಕು ಸುರಿಯುವುದನ್ನು ಹೊರಗಿನವರು ನೋಡಿದರೆ ಬಂಗಾರದ ಮೇಲೆ ಬೂದಿ ಎಂದಾರು. ಆದರೆ ಕಾಳಿನ ಲೋಟವನ್ನು ಹಿಟ್ಟಿನ ಲೋಟದ ಮೇಲೆ ಬೋರಲು ಹಾಕಿದ್ದಾರೆ ಅಷ್ಟೇ. ಮಳೆ ಉಸುಕಿನಲ್ಲಿ ಇಂಗಿ ಜೇಡಿಗೆ ಮೆಲ್ಲಗೆ ಇಳಿಯುತ್ತದೆ. ಉಸುಕು ಒಣಗಿದರೂ ಅದರ ಕೆಳಗಿನ ಜೇಡಿ ಒಣಗುವುದಿಲ್ಲ. ವರ್ಷಕ್ಕೆ ಐದಾರು ಸಲ ಅಳೆಯುವ ಲಾವಣಿಯನ್ನು ಒಂದೇ ಸಲ ಅಳೆದರೆ ಸಾಕಾಗುತ್ತದೆ. ನೋಯ್-ಮೇಯ್ರ್ ಬರೆದದ್ದು ಮಣ್ಣಿನ ಒಂದೊಂದು ಜಾತಿಯ ಗುಣ. ಈ ರೈತರು ಎರಡು ಜಾತಿಯನ್ನು ಒಂದರ ಮೇಲೊಂದು ಹಾಸಿ ಎರಡರ ಒಳ್ಳೆಯದನ್ನೂ ಕಟ್ಟಿಕೊಂಡರು. ಉಸುಕಿನ ಖರ್ಚು ಮಾತ್ರ ಹುಲ್ಲುಗಾವಲು ಹೊರುವಂಥದ್ದಲ್ಲ, ಹಳ್ಳಗಳೂ ಹೊರುವಂಥದ್ದಲ್ಲ.

ಹುಲ್ಲಿನ ಲೆಕ್ಕ

ಮಡ್ಡಿಗೆ ಉಸುಕು ಹರಡುವವರಿಲ್ಲ. ಅಲ್ಲಿ ಆ ಕೆಲಸ ಹುಲ್ಲಿನದೇ. ಪಿ. ಎಂ. ದಬಡಘಾವ್ ಮತ್ತು ಕೆ. ಎ. ಶಂಕರನಾರಾಯಣ್ 1973ರಲ್ಲಿ ಭಾರತದ ಹುಲ್ಲುಗಾವಲುಗಳನ್ನು ಐದು ಬಗೆಯಾಗಿ ವಿಂಗಡಿಸಿದಾಗ ದಖ್ಖನ್ ಸೀಮೆ ಸೆಹಿಮಾ ಮತ್ತು ಡೈಕ್ಯಾಂಥಿಯಂ ಎಂಬ ಎರಡು ಹುಲ್ಲುಗಳ ಹೆಸರಿನ ಬಗೆಗೆ ಸೇರಿತು. ಎರಡೂ ಬುಡಕಟ್ಟಿ ವರ್ಷಾನುವರ್ಷ ಬಾಳುವಂಥವು. ಬುಡದಲ್ಲಿ ಒಣಗರಿ ಉದುರಿಸಿ ನೆಲಕ್ಕೆ ನೆರಳು ಹಾಸುತ್ತವೆ; ಬಡವರ ಉಸುಕು. ನೀರು ಮುಗಿದಾಗ ಇವು ಹೋರಾಡುವುದಿಲ್ಲ, ಮೇಲಿನ ಗರಿ ಒಣಗಲು ಬಿಟ್ಟು ಬುಡದಲ್ಲಿ ಜೀವ ಹಿಡಿದು ಮಲಗುತ್ತವೆ. ಹತ್ತು ಹನ್ನೆರಡು ದಿನದ ಹಗೇವಿಗೆ ತಕ್ಕ ಬಾಳು.

ಮೇಯಿಸುವುದು ಅತಿಯಾದಾಗ ಮೊದಲು ಹೋಗುವುದು ಸೆಹಿಮಾ, ಕುರಿ ದನಕ್ಕೆ ರುಚಿಯಾದದ್ದು ಅದೇ. ಅದರ ಜಾಗಕ್ಕೆ ಈಟಿಮುಳ್ಳಿನ ಹೆಟೆರೊಪೋಗನ್ ಬರುತ್ತದೆ. ಇದರ ಬೀಜದ ಬಾಲ ತೇವ ಸಿಕ್ಕಾಗ ಬಿಚ್ಚಿ, ಒಣಗಿದಾಗ ಹುರಿಗೊಂಡು, ಬೀಜವನ್ನು ಬೈರಿಗೆಯಂತೆ ನೆಲದ ಬಿರುಕಿಗೆ ತಿರುಪುತ್ತದೆ. ಕುರಿಯ ಉಣ್ಣೆಗೆ ಹತ್ತಿದರೆ ಚರ್ಮಕ್ಕೂ ಹಾಗೆಯೇ ತಿರುಪುತ್ತದೆ. ಇನ್ನೂ ಮೇಯಿಸಿದರೆ ಉಳಿಯುವುದು ಅರಿಸ್ಟಿಡಾದಂಥ ಬಡಕಲು ಹುಲ್ಲು, ಕುರಿ ಬಾಯಿ ಹಾಕುವುದಕ್ಕೆ ಹಿಂದೆಮುಂದೆ ನೋಡುವಂಥದ್ದು. ಬುಡದ ಹಾಸು ಹೋಯಿತು, ಬಿಸಿಲು ನೇರ ಜೇಡಿಗೆ, ಮಳೆಹನಿ ನೇರ ಜೇಡಿಗೆ. ಹಸಿ ಎರೆಯ ಮೇಲೆ ಗೊರಸಿನ ತುಳಿತ ಸೇರಿದರೆ ಇದ್ದಬದ್ದ ಸಂದೂ ಮುಚ್ಚುತ್ತದೆ. ಹಸಿಯಿದ್ದಾಗ ಎರೆಗೆ ಹಿಂಡು ಬಿಡಬಾರದೆಂದು ಕುರಿಗಾಹಿಗಳು ಹೇಳುವುದು ಕುರಿಯ ಗೊರಸು ಕೊಳೆಯುತ್ತದೆಂಬ ಭಯಕ್ಕೆ. ಮಣ್ಣಿಗೂ ಆ ಭಯ ಒಳ್ಳೆಯದೇ.

ಕಪ್ಪು ಮಡ್ಡಿಯ ಸರದಿ ಬರುವುದು ತಡವಾಗಿ, ಉತ್ತರೆ ಮಳೆಯ ಹೊತ್ತಿಗೆ. ಆ ಸೀಮೆಯಲ್ಲಿ ಸೆಪ್ಟೆಂಬರೇ ಹೆಚ್ಚು ಮಳೆಯ ತಿಂಗಳು. ಮೋಡ ಬಿಟ್ಟೂಬಿಡದೆ ಕವಿದಿರುವುದರಿಂದ ಸಂದ ಲಾವಣಿ ಕಳವಾಗುವುದಿಲ್ಲ, ಮಳೆಯ ಹಿಂದೆ ಮಳೆ ಬಂದು ಗಿಡ್ಡ ಹಗೇವು ತುಂಬುತ್ತದೆ. ಆಗ ಕಪ್ಪು ಮಡ್ಡಿ ಕೆಂಪು ದಿಬ್ಬಕ್ಕಿಂತ ದಟ್ಟ ಹಸುರಾಗುತ್ತದೆ, ಏಕೆಂದರೆ ಜೇಡಿಯ ಎಕರೆಗಟ್ಟಲೆ ಮೈ ನೀರಿನ ಜೊತೆ ಸುಣ್ಣದಂಶವನ್ನೂ ಪೊಟ್ಯಾಷನ್ನೂ ಅಂಟಿಸಿಕೊಂಡಿತ್ತು. ಹಿಂಡು ಈಗ ಇತ್ತ ತಿರುಗುತ್ತದೆ. ಮಳೆ ನಿಂತು ಎರಡು ವಾರಕ್ಕೆ ಗರಿಯ ತುದಿ ಹಳದಿ. ಸುಗ್ಗಿ ಮುಗಿದ ಮೇಲೆ ಕುರಿಗಾಹಿ ಹಿಂಡನ್ನು ತಗ್ಗಿನ ಎರೆಹೊಲಗಳಿಗೆ ಇಳಿಸುತ್ತಾನೆ. ಅಲ್ಲಿ ರಾತ್ರಿ ಕುರಿ ತರುಬಿಸಿದ್ದಕ್ಕೆ ಹೊಲದವರು ಕಾಳೋ ದುಡ್ಡೋ ಕೊಡುತ್ತಾರೆ. ಮಡ್ಡಿಯಲ್ಲಿ ಮೇದ ಹುಲ್ಲು ಹಿಕ್ಕೆಯಾಗಿ ಬೀಳುವುದು, ಮಡ್ಡಿಯ ನೀರು, ಮಡ್ಡಿಯ ಮಣ್ಣು ಮೊದಲೇ ಹೋಗಿ ಸೇರಿದ ಆ ಹೊಲದಲ್ಲಿ.